ಆಟದಲ್ಲಿ ಮಾತು ಮಾತ್ರ ಕೇಳಿಸದಿದ್ದರೆ

ಕಂಪ್ಯೂಟರ್ ಗೇಮ್‌ನಲ್ಲಿ ಸಂಗೀತ, ಕಾಳಗದ ಸದ್ದು ಎಲ್ಲ ಜೋರಾಗಿದ್ದು ಪಾತ್ರಗಳ ಮಾತು ಮಾತ್ರ ಕ್ಷೀಣವಾಗಿದ್ದರೆ ನಾವು ಮೊದಲು ಮಾಡುವ ಕೆಲಸ ವಾಲ್ಯೂಮ್ ಏರಿಸುವುದು. ಆಗ ಸಂಗೀತವೂ ಜೊತೆಗೇ ಏರುತ್ತದೆ. ಕಿವಿ ನೋಯುತ್ತದೆಯೇ ಹೊರತು ಮಾತು ತಿಳಿಯುವುದಿಲ್ಲ.

ಇಂಥ ಹೊತ್ತಿನಲ್ಲಿ ಒಂದು ವಿಷಯ ಮನಸ್ಸಿನಲ್ಲಿರಲಿ. ಸ್ಪೀಕರ್ ಕೆಟ್ಟಿದ್ದರೆ ಎಲ್ಲ ಸದ್ದೂ ಕೆಡಬೇಕಿತ್ತು. ಮಾತೊಂದೇ ಕೈಕೊಟ್ಟಿದೆ ಎಂದರೆ ಅದು ಸಾಗಿಬರುವ ದಾರಿಯಲ್ಲಿ ಎಲ್ಲೋ ತಡೆಯಿದೆ. ಆ ದಾರಿಯನ್ನು ಒಂದೊಂದೇ ಹಂತವಾಗಿ ನೋಡಿಕೊಂಡು ಹೋದರೆ ತಡೆ ಸಿಗುತ್ತದೆ. ಪ್ರತಿ ಸಲ ಒಂದೇ ಒಂದು ಬದಲಾವಣೆ ಮಾಡಿ, ಗೇಮ್‌ನ ಅದೇ ದೃಶ್ಯವನ್ನು ಮತ್ತೆ ಕೇಳಿ. ನಾಲ್ಕು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದೇ ತಿಳಿಯುವುದಿಲ್ಲ.

ಮೊದಲು ಒಂದು ಹಾಡು ಕೇಳಿ

ಗೇಮ್ ಮುಚ್ಚಿ, ನಿಮಗೆ ಚೆನ್ನಾಗಿ ಗೊತ್ತಿರುವ ಚಿತ್ರಗೀತೆಯೊಂದನ್ನು ಅದೇ ಹೆಡ್‌ಫೋನ್‌ನಲ್ಲಿ ಹಾಕಿ. ಗಾಯಕರ ದನಿಯೂ ಮಂಕಾಗಿ, ವಾದ್ಯಗಳಷ್ಟೇ ಟೊಳ್ಳಾಗಿ ಕೇಳಿಸಿದರೆ ದೋಷ ಗೇಮ್‌ನದಲ್ಲ, ಹೆಡ್‌ಫೋನ್ ಪಿನ್ನಿನದು.

ಆ ಪಿನ್ನನ್ನು ಹತ್ತಿರದಿಂದ ನೋಡಿ. ಕಪ್ಪು ಗೆರೆಗಳು ಅದನ್ನು ಭಾಗ ಮಾಡಿರುತ್ತವೆ. ಮೈಕ್ ಇಲ್ಲದ ಪಿನ್ನಿನಲ್ಲಿ ಮೂರು ಭಾಗ: ತುದಿ ಎಡಗಿವಿಗೆ, ನಡುವಿನ ಬಳೆ ಬಲಗಿವಿಗೆ, ಬುಡ ಎರಡಕ್ಕೂ ಸಾಮಾನ್ಯ. ಪಿನ್ ಪೂರ್ತಿ ಒಳಹೋಗದೆ ಅಥವಾ ವೈರ್ ತುಂಡಾಗಿ ಈ ಸಾಮಾನ್ಯ ಸಂಪರ್ಕ ತಪ್ಪಿದರೆ, ಎಡ ಮತ್ತು ಬಲ ಸಂಕೇತಗಳ ನಡುವಿನ ವ್ಯತ್ಯಾಸವಷ್ಟೇ ಕಿವಿಗೆ ಬರುತ್ತದೆ. ಮಾತನ್ನು ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಇಟ್ಟಿರುತ್ತಾರೆ. ಸಮನಾದದ್ದನ್ನು ಸಮನಾದದ್ದರಿಂದ ಕಳೆದರೆ ಸೊನ್ನೆ. ಹಾಗಾಗಿ ಮಾತು ಮಾಯವಾಗಿ, ಎರಡು ಕಡೆ ಬೇರೆಬೇರೆಯಾಗಿರುವ ಸಂಗೀತ ಉಳಿಯುತ್ತದೆ. ಹಾಡಿನಿಂದ ಗಾಯಕರ ದನಿ ತೆಗೆದು ಕರೋಕೆ ಮಾಡುವ ಹಳೆಯ ಉಪಾಯವೂ ಇದೇ. ಪಿನ್ನನ್ನು ಗಟ್ಟಿಯಾಗಿ ಒತ್ತಿ ನೋಡಿ. ಆಗಲೂ ಸರಿಹೋಗದಿದ್ದರೆ ಬೇರೆ ಹೆಡ್‌ಫೋನ್ ಹಾಕಿ ಪರೀಕ್ಷಿಸಿ.

ಹಾಡು ಚೆನ್ನಾಗಿದ್ದರೆ ಪಿನ್ ಸರಿಯಿದೆ. ಮುಂದಿನ ಹಂತಕ್ಕೆ ಹೋಗೋಣ.

ಗೇಮ್ ಒಳಗಿನ ಸೆಟ್ಟಿಂಗ್

ಗೇಮ್‌ನ ಆಡಿಯೋ ಮೆನುವಿನಲ್ಲಿ ಹೆಚ್ಚಾಗಿ ಮಾಸ್ಟರ್, ಮ್ಯೂಸಿಕ್, ಎಫೆಕ್ಟ್ಸ್, ವಾಯ್ಸ್ ಅಥವಾ ಡೈಲಾಗ್ ಎಂಬ ಪಟ್ಟಿಗಳಿರುತ್ತವೆ. ವಾಯ್ಸ್ ಪೂರ್ತಿ ಏರಿಸಿ, ಮ್ಯೂಸಿಕ್ ಮತ್ತು ಎಫೆಕ್ಟ್ಸ್ ಇಳಿಸಿ. 'ವಾಯ್ಸ್ ಚಾಟ್' ಎಂಬುದು ಜೊತೆಗೆ ಆಡುವವರ ಮಾತಿಗೆ ಸಂಬಂಧಿಸಿದ್ದು. ಪಾತ್ರಗಳ ಮಾತಿಗೆ ಅದನ್ನು ಮುಟ್ಟಬೇಕಿಲ್ಲ. 'ಡೈನಾಮಿಕ್ ರೇಂಜ್' ಅಥವಾ 'ನೈಟ್ ಮೋಡ್' ಇದ್ದರೆ ಅದನ್ನೂ ಬಳಸಿ ನೋಡಿ. ಅದು ಸ್ಫೋಟದ ಸದ್ದಿಗೂ ಪಿಸುಮಾತಿಗೂ ಇರುವ ಅಂತರವನ್ನು ಕಿರಿದು ಮಾಡುತ್ತದೆ.

ಇಲ್ಲದ ಸ್ಪೀಕರ್‌ಗೆ ಹೋಗುವ ಮಾತು

ಹಾಡಿನಲ್ಲಿ ದನಿ ಸರಿಯಿದ್ದು ಗೇಮ್‌ನಲ್ಲಿ ಮಾತ್ರ ಕೇಳಿಸದಿದ್ದರೆ ಹೆಚ್ಚು ಅನುಮಾನಿಸಬೇಕಾದದ್ದು ಇದನ್ನೇ. 5.1 ಸರೌಂಡ್ ಎಂದರೆ ಆರು ಚಾನೆಲ್: ಮುಂದೆ ಎಡ, ನಡು, ಬಲ, ಹಿಂದೆ ಎರಡು, ತಗ್ಗು ಸದ್ದಿಗೆ ಸಬ್‌ವೂಫರ್. ಎದುರಿನಿಂದ ಬರುವ ಮಾತನ್ನು ಗೇಮ್ ನಡುವಿನ ಚಾನೆಲ್‌ಗೆ ಕಳಿಸುತ್ತದೆ. ನಿಮ್ಮ ಹತ್ತಿರ ಇರುವುದು ಎರಡೇ ಸ್ಪೀಕರ್, ಆದರೆ ವಿಂಡೋಸ್ ಆರು ಇವೆ ಎಂದುಕೊಂಡಿದ್ದರೆ, ಮಾತು ಇಲ್ಲದ ಸ್ಪೀಕರ್‌ಗೆ ಹೋಗಿ ಕಳೆದುಹೋಗುತ್ತದೆ. ಹಾಡುಗಳು ಸಾಮಾನ್ಯವಾಗಿ ಎಡ, ಬಲ ಎರಡೇ ಚಾನೆಲ್ ಬಳಸುವುದರಿಂದ ಅವುಗಳಲ್ಲಿ ಈ ದೋಷ ಕಾಣಿಸುವುದಿಲ್ಲ.

2011ರಲ್ಲಿ ಬಂದ 'ಸ್ಕೈರಿಮ್' ಆಡಿದವರಲ್ಲಿ ಹಲವರಿಗೆ ಇದೇ ತೊಂದರೆಯಾಗಿತ್ತು. ಪತ್ತೆ ಮಾಡುವುದು ಸುಲಭ. ಮಾತಾಡುತ್ತಿರುವ ಪಾತ್ರ ನಿಮ್ಮ ಪಕ್ಕಕ್ಕೆ ಬರುವಂತೆ ನಿಮ್ಮ ನೋಟವನ್ನು ತಿರುಗಿಸಿ. ನೇರ ನೋಡಿದಾಗ ಕೇಳದ ದನಿ ಪಕ್ಕಕ್ಕೆ ತಿರುಗಿದ ಕೂಡಲೇ ಒಂದು ಕಿವಿಯಲ್ಲಿ ಸ್ಪಷ್ಟವಾದರೆ, ತೊಂದರೆ ನಡುವಿನ ಚಾನೆಲ್‌ನದೇ.

ಪರಿಹಾರ ಹೀಗೆ: ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ತೆರೆದು, ಕೆಳಗಿರುವ 'ಮೋರ್ ಸೌಂಡ್ ಸೆಟ್ಟಿಂಗ್ಸ್' ಒತ್ತಿ. 'ಪ್ಲೇಬ್ಯಾಕ್' ಪಟ್ಟಿಯಲ್ಲಿ ನಿಮ್ಮ ಸ್ಪೀಕರ್ ಆರಿಸಿ 'ಕಾನ್ಫಿಗರ್' ಒತ್ತಿ, 'ಸ್ಟೀರಿಯೋ' ಆರಿಸಿ, ಕೊನೆಯವರೆಗೂ ನೆಕ್ಸ್ಟ್ ಕೊಡಿ. ಗೇಮ್ ಮುಚ್ಚಿ ಮತ್ತೆ ತೆರೆಯಿರಿ. ಗೇಮ್‌ನಲ್ಲೂ ಸ್ಪೀಕರ್ ಆಯ್ಕೆಯಿದ್ದರೆ ಅದನ್ನೂ ಸ್ಟೀರಿಯೋ ಅಥವಾ ಹೆಡ್‌ಫೋನ್ ಮಾಡಿ. ಯುಎಸ್‌ಬಿ ಹೆಡ್‌ಸೆಟ್‌ನ ಜೊತೆ ಬರುವ ಸಾಫ್ಟ್‌ವೇರ್‌ನಲ್ಲಿ 7.1 ಆನ್ ಆಗಿದ್ದರೆ ಅದನ್ನು ಆಫ್ ಮಾಡಿ ನೋಡಿ.

ಗೆಳೆಯರ ಜೊತೆ ಮಾತಾಡುತ್ತ ಆಡುವಾಗ

ಕರೆ ಶುರುವಾದ ಕೂಡಲೇ ಗೇಮ್ ಸದ್ದೆಲ್ಲ ಕುಗ್ಗಿದರೆ, ಅದೇ ಸೌಂಡ್ ಕಿಟಕಿಯ 'ಕಮ್ಯುನಿಕೇಷನ್ಸ್' ವಿಭಾಗ ನೋಡಿ. ಕರೆಯ ಸಮಯದಲ್ಲಿ ಉಳಿದ ಸದ್ದನ್ನು ಶೇ 80ರಷ್ಟು ತಗ್ಗಿಸುವ ಆಯ್ಕೆ ಅಲ್ಲಿದೆ. ಅದನ್ನು ಬಿಟ್ಟು 'ಡು ನಥಿಂಗ್' ಆರಿಸಿ. ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಸದ್ದೆಲ್ಲ ಹಳೆಯ ಫೋನಿನಂತಾದರೆ, ಮೈಕ್ ಆನ್ ಆಗಿ ಅದು ಕರೆಯ ಸ್ಥಿತಿಗೆ ಹೋಗಿದೆ ಎಂದರ್ಥ. ಲ್ಯಾಪ್‌ಟಾಪ್‌ನ ಮೈಕ್ ಬಳಸಿದರೆ ಹೆಡ್‌ಸೆಟ್ ಮತ್ತೆ ಸ್ಟೀರಿಯೋಗೆ ಬರುತ್ತದೆ.

ಮಾತಿನ ಫೈಲೇ ಇಲ್ಲದಿದ್ದರೆ

ಮಾತು ಕ್ಷೀಣವಾಗಿಯೂ ಕೇಳದೆ, ಯಾವ ಪಾತ್ರದ ದನಿಯೂ ಬಾರದಿದ್ದರೆ ಫೈಲ್‌ಗಳನ್ನು ನೋಡಬೇಕು. 'ಗೆನ್‌ಶಿನ್ ಇಂಪ್ಯಾಕ್ಟ್'ನಂಥ ಗೇಮ್‌ಗಳಲ್ಲಿ ಪ್ರತಿ ಭಾಷೆಯ ಮಾತೂ ಬೇರೆ ಪ್ಯಾಕ್. ಆರಿಸಿದ ಭಾಷೆಯ ಪ್ಯಾಕ್ ಇಳಿದಿದೆಯೇ ನೋಡಿ. ಸ್ಟೀಮ್‌ನಲ್ಲಾದರೆ ಗೇಮ್ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನ 'ಇನ್‌ಸ್ಟಾಲ್ಡ್ ಫೈಲ್ಸ್'ನಲ್ಲಿ 'ವೆರಿಫೈ' ಕೊಡಿ. ಕಳೆದುಹೋದ ಅಥವಾ ಕೆಟ್ಟ ಫೈಲ್‌ಗಳನ್ನು ಅದು ಮತ್ತೆ ಇಳಿಸಿಕೊಳ್ಳುತ್ತದೆ. ಕೆಲವು ಹಳೆಯ ಗೇಮ್‌ಗಳಲ್ಲಿ ಮಾತು ಇರುವುದೇ ಇಲ್ಲ. 'ಇಂಡಿಯಾನಾ ಜೋನ್ಸ್ ಅಂಡ್ ದ ಫೇಟ್ ಆಫ್ ಅಟ್ಲಾಂಟಿಸ್' 1992ರಲ್ಲಿ ಫ್ಲಾಪಿಯಲ್ಲಿ ಬಂದಾಗ ಸಂಭಾಷಣೆ ಓದಲು ಮಾತ್ರ ಇತ್ತು. ದನಿ ಸೇರಿದ್ದು ಆಮೇಲಿನ ಸಿಡಿ ಆವೃತ್ತಿಯಲ್ಲಿ.

ಸರಿಹೋಗುವವರೆಗೆ ಸಬ್‌ಟೈಟಲ್ ಹಾಕಿಕೊಂಡು ಆಡಿ, ಕಥೆ ತಪ್ಪಬಾರದು. ಎಲ್ಲ ನೋಡಿದ ಮೇಲೂ ಬಗೆಹರಿಯದೆ ಬಲ್ಲವರನ್ನು ಕೇಳಬೇಕಾಗಿ ಬಂದರೆ 'ಸೌಂಡ್ ಬರ್ತಿಲ್ಲ' ಎಂದಷ್ಟೇ ಹೇಳಬೇಡಿ. 'ಹಾಡು ಸರಿ ಇದೆ, ಎದುರಿಗೆ ನಿಂತವರ ಮಾತು ಕೇಳಲ್ಲ, ಪಕ್ಕಕ್ಕೆ ತಿರುಗಿದರೆ ಕೇಳುತ್ತೆ' ಎಂದು ಹೇಳಿ. ತಿಳಿದವರಿಗೆ ಅಷ್ಟರಲ್ಲೇ ಅರ್ಧ ಉತ್ತರ ಸಿಕ್ಕಿರುತ್ತದೆ.