ಕೆಂಪು ಬಾಳೆಯ ಕಂದು: ಜೀವಕೋಶ ಹೇಳುವ ಪಾಠ

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರ ಕೆಂಪು ಬಾಳೆಗೆ ಹೆಸರಾದ ಊರು. ಈ ಬಾಳೆಗೆ ಭೌಗೋಳಿಕ ಸೂಚಿ ಮಾನ್ಯತೆಯೂ ದೊರೆತಿದೆ. ನೆಟ್ಟ ಮೇಲೆ ಗೊನೆ ಕೈಗೆ ಬರಲು ಸುಮಾರು ಒಂದೂವರೆ ವರ್ಷ ಬೇಕು. ಕಂದಿನ ಆಯ್ಕೆ ತಪ್ಪಿದರೆ ಅಷ್ಟು ಕಾಲದ ನೀರು, ಗೊಬ್ಬರ, ದುಡಿಮೆ ವ್ಯರ್ಥವಾಗುತ್ತದೆ. ಆದ್ದರಿಂದ ಕಂದಿನೊಳಗೆ ನಡೆಯುವುದನ್ನು ರೈತರು ತಿಳಿದಿರಬೇಕು.

ಕೋಶ ವಿಭಜನೆ

ಗಿಡವಾಗಲಿ, ದನವಾಗಲಿ, ಮನುಷ್ಯನಾಗಲಿ ಜೀವಕೋಶಗಳಿಂದ ಆದದ್ದು. ಒಂದು ಕೋಶ ಎರಡಾಗುವ ಮೊದಲು ತನ್ನ ವರ್ಣತಂತುಗಳ ಪ್ರತಿ ಮಾಡಿಕೊಳ್ಳುತ್ತದೆ. ಎರಡೂ ಮರಿಕೋಶಗಳಿಗೆ ಒಂದೊಂದು ಪೂರ್ಣ ಪ್ರತಿ ಸೇರುತ್ತದೆ. ಕೆಂಪು ಬಾಳೆಯ ಕೋಶದಲ್ಲಿ 11ರಂತೆ ಮೂರು ಕಟ್ಟು, ಒಟ್ಟು 33 ವರ್ಣತಂತುಗಳಿವೆ. ಬೀಜವಾಗಲು ಇವು ಸರಿಪಾಲಾಗಬೇಕು. ಮೂರು ಕಟ್ಟು ಎರಡು ಪಾಲಾಗದು. ಆದ್ದರಿಂದ ಹಣ್ಣಿನಲ್ಲಿ ಬೀಜವಿಲ್ಲ. ಸಂತತಿಗೆ ಕಂದೇ ಆಧಾರ.

ಕೆಲಸದ ಹಂಚಿಕೆ

ಬಾಳೆಯ ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಮೇಲೆ ಕಾಣುವುದು ಎಲೆಗಳ ಬುಡ ಸುತ್ತಿಕೊಂಡ ದಿಂಡು. ಗೆಡ್ಡೆಯ ತುದಿಯಲ್ಲಿ ಸದಾ ವಿಭಜಿಸುವ ಎಳೆಯ ಕೋಶಗಳಿವೆ. ಅವುಗಳಲ್ಲಿ ಕೆಲವು ಎಲೆಯ ಹಸಿರು ಕೋಶಗಳಾಗುತ್ತವೆ, ಕೆಲವು ನೀರು ಸಾಗಿಸುವ ನಾಳಗಳಾಗುತ್ತವೆ. ಎಲ್ಲದರಲ್ಲಿಯೂ ವರ್ಣತಂತು ಒಂದೇ. ಬಳಕೆಗೆ ಬರುವ ಭಾಗ ಮಾತ್ರ ಬೇರೆ. ಕಾಲ ಬಂದಾಗ ಇದೇ ತುದಿ ಹೂಗೊಂಚಲಾಗಿ ಮಾರ್ಪಡುತ್ತದೆ. ಮತ್ತೆ ಎಲೆ ಬಿಡದು. ಒಂದು ಗಿಡಕ್ಕೆ ಒಂದೇ ಗೊನೆ ಬರುವುದು ಇದರಿಂದಲೇ.

ಪ್ರತಿಯಲ್ಲಿ ಬದಲಾವಣೆ

ಅಪರೂಪಕ್ಕೆ ಕೋಶದಲ್ಲಿ ಬದಲಾವಣೆಯಾಗಿ ಕೆಂಪು ಬಣ್ಣ ತಪ್ಪುತ್ತದೆ. ಕೆಂಪು ಬಾಳೆಯಲ್ಲಿ ಹಸಿರು ಗೊನೆಯ ಗಿಡ ಕಾಣಿಸಿಕೊಳ್ಳುವುದು ಹೀಗೆಯೇ. ಅಂಥ ಗಿಡದ ಕಂದುಗಳೂ ಹಸಿರಾಗಬಹುದು.

ರೈತರು ಗಮನಿಸಬೇಕಾದದ್ದು

1. ದಿಂಡು, ಗೊನೆ ಎರಡೂ ಚೆನ್ನಾಗಿ ಕೆಂಪಾಗಿರುವ ತಾಯಿಗಿಡವನ್ನು ಗೊನೆ ಇರುವಾಗಲೇ ಗುರುತಿಸಿಡಿ.
2. ಕತ್ತಿಯಂಥ ಕಿರಿದಾದ ಎಲೆಯ, ದಪ್ಪ ಗೆಡ್ಡೆಯ ಕಂದನ್ನೇ ಆರಿಸಿ. ಅಗಲ ಎಲೆಯ ನೀರುಕಂದು ಬೇಡ.
3. ಬೇರು ಸವರುವಾಗ ಗೆಡ್ಡೆಯ ನಡುವಿನ ಬೆಳೆಯುವ ತುದಿಗೆ ಪೆಟ್ಟಾಗಬಾರದು.
4. ಸೊರಗು ರೋಗ ಅಥವಾ ಎಲೆಗಳು ಗುಚ್ಛವಾಗುವ ರೋಗ ಕಂಡ ತೋಟದಿಂದ ಕಂದು ತರಬೇಡಿ.
5. ಅಂಗಾಂಶ ಕೃಷಿಯ ಸಸಿಗಳೂ ಇದೇ ಎಳೆಯ ಕೋಶಗಳಿಂದ ಆದವು. ತಾಯಿಗಿಡದಲ್ಲಿ ನಂಜುರೋಗವಿದ್ದರೆ ಸಸಿಗೂ ಬರುತ್ತದೆ. ಆದ್ದರಿಂದ ಪರೀಕ್ಷೆಯಾದ ಸಸಿಯನ್ನೇ ಕೇಳಿ ಕೊಳ್ಳಿ.

ಸಂದೇಹವಿದ್ದರೆ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರದ ತಜ್ಞರನ್ನು ನಾಟಿಗೆ ಮೊದಲೇ ಕಾಣಿರಿ.