ಮಧುಗಿರಿ ಎಂದರೆ ನಾಲ್ಕು ಪೆಟ್ಟು

ಐ.ಡಿ.ಹಳ್ಳಿ ಕಡೆಯ ಅಂಗನವಾಡಿಗೋ ಒಂದನೇ ತರಗತಿಗೋ ಹೊಸದಾಗಿ ಬಂದ ಟೀಚರಮ್ಮಂದಿರ ಮೊದಲ ಮಾತೇ ಇದು: ‘ನನಗೆ ಸಂಗೀತ ಬರಲ್ಲ, ತಾಳ ಹೇಗೆ ಕಲಿಸಲಿ?’ ಸಂಗೀತ ಬೇಡ. ಐದರವರೆಗೆ ಒಂದೇ ಸಮನೆ ಎಣಿಸಲು ಬಂದರೆ ಸಾಕು.

ಶುರುವಿಗೇ ವಾದ್ಯ ಕೊಡಬೇಡಿ. ಕೊಟ್ಟರೆ ಗದ್ದಲವೇ ಹೊರತು ತಾಳ ಹುಟ್ಟುವುದಿಲ್ಲ. ಚಪ್ಪಾಳೆಯಿಂದ ಶುರು ಮಾಡಿ. ಸೊಲ್ಲುಗಳಿಗೆ ನಮ್ಮ ಊರುಗಳ ಹೆಸರೇ ಇವೆ. ‘ಮಧುಗಿರಿ’ ಅನ್ನಿ: ನಾಲ್ಕು ಅಕ್ಷರ, ನಾಲ್ಕೂ ಹ್ರಸ್ವ, ಮೃದಂಗದವರ ‘ತಕಧಿಮಿ’ಗೆ ಸರಿಸಮ. ‘ಕೊರಟಗೆರೆ’ ಐದು, ಅದು ‘ತಕತಕಿಟ’. ‘ಶಿರಾ’ದ ಕೊನೆ ಎಳೆದರೆ ಮೂರು, ಅಂದರೆ ‘ತಕಿಟ’. ಪಾಠದ ಜೀವಾಳ ಇರುವುದು ‘ಪಾವಗಡ’ದಲ್ಲಿ. ಅಕ್ಷರ ನಾಲ್ಕೇ, ಆದರೆ ‘ಪಾ’ ದೀರ್ಘ, ಹಾಗಾಗಿ ಎಣಿಕೆ ಐದು: ಒಂದು ಪೆಟ್ಟು, ಒಂದು ಬಿಡುವು, ಮತ್ತೆ ಮೂರು ಪೆಟ್ಟು. ಅರ್ಧ ಮಕ್ಕಳು ಕೊರಟಗೆರೆ, ಉಳಿದರ್ಧ ಪಾವಗಡ ಹೇಳುತ್ತಾ ತಟ್ಟಲಿ. ಒಟ್ಟಿಗೆ ಹೊರಟು ಒಟ್ಟಿಗೆ ಮುಗಿಸಬೇಕು. ಆ ಬಿಡುವಿನಲ್ಲಿ ಕೈ ತಡೆದ ಮಗುವಿಗೆ ತಾಳ ಸಿಕ್ಕಿತು ಅನ್ನಿ. ಕೆಲವರಿಗೆ ವಾರಗಟ್ಟಲೆ ಹಿಡಿಯುತ್ತದೆ, ಅವಸರ ಮಾಡಬೇಡಿ.

ಆಮೇಲೆ ವಾದ್ಯ. ತೆಂಗಿನ ಕರಟದ ಎರಡು ಹೋಳಿನ ಅಂಚು ಉಜ್ಜಿ ನುಣುಪು ಮಾಡಿದರೆ ತಟ್ಟಲು ಅದೇ ಚೆನ್ನ. ಗಿಲಕಿಗೆ ಪ್ಲಾಸ್ಟಿಕ್ ಬಾಟಲಿ, ಒಳಗೆ ಹುಣಸೆಬೀಜ. ಕಾಲು ಭಾಗ ಮಾತ್ರ ತುಂಬಿ. ಕತ್ತಿನವರೆಗೆ ತುಂಬಿದರೆ ಬೀಜಕ್ಕೆ ಹೊರಳಲು ಜಾಗವಿಲ್ಲ, ಸದ್ದೂ ಇಲ್ಲ. ಇನ್ನೊಂದರಲ್ಲಿ ರಾಗಿ ಹಾಕಿ ಎರಡನ್ನೂ ಅಲ್ಲಾಡಿಸಿ: ಹುಣಸೆಬೀಜ ಗಡಗಡ, ರಾಗಿ ಸರಸರ. ಕಣ್ಣು ಮುಚ್ಚಿಸಿ ಯಾವುದು ಯಾವುದೆಂದು ಕೇಳಿ, ತರಗತಿಯೇ ಕಿವಿಯಾಗುತ್ತದೆ. ಮುಚ್ಚಳಕ್ಕೆ ಮಾತ್ರ ಅಂಟು ಹಾಕಿ ಬಿಗಿ ಮಾಡಿ, ಬೀಜ ಬಾಯಿಗೆ ಮೂಗಿಗೆ ಹೋಗುವ ವಯಸ್ಸದು. ಖಾಲಿ ಡಬ್ಬದ ಬಾಯಿಗೆ ಹರಿದ ಬಲೂನು ಎಳೆದು ಕಟ್ಟಿದರೆ ಪುಟ್ಟ ತಮಟೆಯೇ. ಡಬ್ಬದ ಚೂಪು ಅಂಚನ್ನು ಮೊದಲೇ ಬಡಿದು ಮಡಿಸಿರಿ.

‘ತಮಟೆ ಕಲಿತು ಏನಾಗಬೇಕು?’ ಎಂದು ಮೂಗು ಮುರಿಯುವ ಪೋಷಕರೂ ಇದ್ದಾರೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದದ್ದು ಇದೇ ತಮಟೆಗೆ ಎಂದು ಹೇಳಿ. ಊರಹಬ್ಬದಲ್ಲಿ ಬಾರಿಸುವವರನ್ನು ಒಂದು ದಿನ ಶಾಲೆಗೇ ಕರೆಯಿರಿ, ಕುರ್ಚಿ ಹಾಕಿ ಕೂರಿಸಿ. ಚರ್ಮವನ್ನು ಬೆಂಕಿಗೆ ಹಿಡಿದು ಕಾಯಿಸಿ ಸದ್ದು ಬಿಗಿ ಮಾಡುವುದನ್ನು ಮಕ್ಕಳು ಹತ್ತಿರದಿಂದ ನೋಡಲಿ. ಬಲೂನಿನ ಡಬ್ಬಕ್ಕೂ ಬೆಂಕಿ ಹಿಡಿಯೋಣವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಬೆಂಕಿಪೊಟ್ಟಣ ಎತ್ತಿಡಿ.