ಜೇಕು ಬೆಳೆಸುವುದಾದರೆ

ನೋಡಮ್ಮ, ಹೊಸ ಮನೆಯ ಹಿತ್ತಲಿಗೆ ನರ್ಸರಿಯಿಂದ ‘ಅಂಬ್ರೆಲಾ ಪಾಮ್’ ತರುತ್ತೇನೆ ಅಂದೆಯಲ್ಲ, ಅದು ಪಾಮೂ ಅಲ್ಲ, ನಮ್ಮ ನೆಲದ್ದೂ ಅಲ್ಲ. ಆಫ್ರಿಕಾ ಕಡೆಯ ಜೇಕು. ಅದಕ್ಕೆ ದುಡ್ಡು ಸುರಿಯುವ ಬದಲು ನಮ್ಮದೇ ಚಾಪೆ ಹೆಣೆಯುವ ಜೇಕು ತಂದು ನೆಡು. ತಮಿಳುನಾಡಿನ ಪತ್ತಮಡೈ ಚಾಪೆಯ ಹೆಸರು ಕೇಳಿರುತ್ತೀಯಲ್ಲ, ಅದನ್ನು ನೇಯುವುದು ಇದರ ಕಡ್ಡಿ ಸೀಳಿಯೇ.

ಆದರೆ ತರುವ ಮುಂಚೆ ಬುಡ ನೋಡು. ಹೊಲ ಹಾಳು ಮಾಡುವ ಕೊನ್ನಾರಿಯೂ ಇದೇ ವಂಶದ್ದು. ಎರಡರ ಕಡ್ಡಿಯನ್ನೂ ಬೆರಳ ನಡುವೆ ಹೊರಳಿಸಿದರೆ ಮೂರು ಏಣು ತಾಗುತ್ತವೆ, ಹಾಗಾಗಿ ಅದನ್ನೇ ನಂಬಬೇಡ. ಕೊನ್ನಾರಿ ಗಿಡ್ಡ, ಬುಡದ ತುಂಬ ಎಲೆ. ಮಣ್ಣು ಬಿಡಿಸಿದರೆ ದಾರಕ್ಕೆ ಪೋಣಿಸಿದ ಹಾಗೆ ಕಪ್ಪು ಗಡ್ಡೆಗಳು, ಮುರಿದರೆ ಘಮ್ಮೆನ್ನುತ್ತವೆ. ಚಾಪೆ ಜೇಕು ಸೊಂಟದೆತ್ತರಕ್ಕೆ ಬರುತ್ತದೆ, ಎಲೆ ಇಲ್ಲವೆನ್ನುವಷ್ಟು ಕಡಿಮೆ, ಬುಡದಲ್ಲಿ ಅಡ್ಡ ಹರಿಯುವ ಗಟ್ಟಿ ಬೇರು. ಕೊನ್ನಾರಿಯ ಒಂದು ಗಡ್ಡೆ ನಿನ್ನ ಲಾನಿಗೆ ಬಿತ್ತೋ, ಮೇಲೆ ಕಿತ್ತಷ್ಟೂ ಕೆಳಗಿಂದ ಚಿಗುರುತ್ತದೆ. ಭದ್ರಮುಷ್ಟಿ ಅಂತ ಔಷಧಿಗೆ ಬೇಕೆನಿಸಿದರೆ ಗ್ರಂದಿಗೆ ಅಂಗಡಿಯಲ್ಲಿ ಸಿಗುತ್ತದೆ, ಬೆಳೆಸುವ ಉಸಾಬರಿ ಬೇಡ.

ಊರಿನ ಕಾಲುವೆ ಬದುವಿನಲ್ಲಿ, ಹೇಗೂ ಸವರಿ ಹಾಕುವ ಕಡೆ, ಒಂದು ಹಿಡಿ ಬುಡ ಕೇಳಿ ತಾ. ಹಕ್ಕಿ ಗೂಡು ಕಟ್ಟುವ ಕೆರೆಯಂಚಿಗೆ ಕೈ ಹಾಕಬೇಡ. ತಂದದ್ದನ್ನು ಬಕೆಟ್ಟಿನಲ್ಲಿ ತೊಳೆದು ಬೇರೆಲ್ಲ ಬಿಡಿಸಿ ನೋಡು. ಅಂತರಗಂಗೆಯ ಒಂದು ಮರಿ ಅಂಟಿಕೊಂಡು ಬಂದರೂ ನಿನ್ನ ತೊಟ್ಟಿ ಅದರದ್ದೇ.

ನೆಲಕ್ಕೆ ಮಾತ್ರ ನೆಡಬೇಡ, ಹರಡುತ್ತದೆ. ತಳದಲ್ಲಿ ತೂತಿಲ್ಲದ ಅಗಲ ತೊಟ್ಟಿ, ಅದಕ್ಕೆ ಕೆರೆಗೋಡು ಅಥವಾ ಜೇಡಿಮಣ್ಣು. ಕೋಕೋಪೀಟ್ ಬೇಡ, ನೀರಲ್ಲಿ ತೇಲುತ್ತದೆ. ಬಿಸಿಲು ಎಷ್ಟು ಬಿದ್ದರೆ ಅಷ್ಟು ಒಳ್ಳೆಯದು. ಸೊಳ್ಳೆಯ ಚಿಂತೆ ನಿಮ್ಮತ್ತೆಗೆ ಇದ್ದೇ ಇರುತ್ತದೆ, ಅವರ ಮಾತು ಸರಿಯೇ. ಮೇಲೆ ನೀರು ನಿಲ್ಲಲೇಬೇಕೆಂದಿಲ್ಲ. ಮಣ್ಣು ಸದಾ ಕೆಸರಾಗಿದ್ದರೆ ಜೇಕಿಗೆ ಸಾಕು, ಸೊಳ್ಳೆಗೆ ಸಾಲದು. ಅಕ್ಕಿ, ತರಕಾರಿ ತೊಳೆದ ನೀರನ್ನೇ ಹಾಕು.

ಒಣಗಿದ ಕಡ್ಡಿಗಳನ್ನು ಬುಡಕ್ಕೆ ಕತ್ತರಿಸುತ್ತಿರು. ತೊಟ್ಟಿ ಬಿಗಿದುಕೊಂಡಾಗ ಮಳೆ ಶುರುವಾಗುವ ಹೊತ್ತಿಗೆ ಗುದ್ದಲಿಯಿಂದ ಎರಡು ಸೀಳು ಮಾಡಿ, ಅರ್ಧ ನಿಮ್ಮಕ್ಕನಿಗೆ ಕಳಿಸು. ತೊಟ್ಟಿ ಮೊದಲೇ ತಂದಿಟ್ಟುಕೊಳ್ಳಲು ಹೇಳು ಅವಳಿಗೆ.